ಅಜ್ಜಿಯ ‘ಆಂ?’, ಅವರ ‘ಸಾರಿ?’

ನಮ್ಮ ಅಜ್ಜಿಗೆ ಕೊನೆಗಾಲದಲ್ಲಿ ಕಿವಿ ಮಂದವಾಗಿತ್ತು. ಏನು ಹೇಳಿದರೂ ಮೊದಲು ‘ಆಂ?’ ಎನ್ನುತ್ತಿದ್ದಳು. ಜೊತೆಗೇ ಕೈ ಕಿವಿಯ ಹಿಂದೆ ಹೋಗುತ್ತಿತ್ತು, ತಲೆ ನಮ್ಮ ಕಡೆಗೆ ಬಾಗುತ್ತಿತ್ತು. ಕೇಳಿಸದೆ ಇದ್ದದ್ದು ತನ್ನ ಕಿವಿಯ ದೋಷ, ನಮ್ಮ ಬಾಯಿಯದ್ದಲ್ಲ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಇಂಗ್ಲಿಷಿನವರ ‘ಸಾರಿ?’ ಹಾಗಲ್ಲ. ಮೇಲುನೋಟಕ್ಕೆ ಕ್ಷಮೆ ಕೇಳಿದ ಹಾಗಿರುತ್ತದೆ. ಆದರೆ ಹುಬ್ಬು ಮೇಲೆ ಹೋಗಿರುತ್ತದೆ, ತಲೆ ಒಂದಿಷ್ಟು ಹಿಂದೆ ಸರಿದಿರುತ್ತದೆ. ಕೇಳಿಸಿಕೊಳ್ಳದವರು ಅವರು, ತಪ್ಪಿತಸ್ಥರು ನಾವು.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಇರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಆವತ್ತು ಫೋನಿನಲ್ಲಿ ಇಂಟರ್‌ವ್ಯೂ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಿತ್ತಿಲ ದರೆ ಹತ್ತಿ ಹಲಸಿನ ಮರದ ಬುಡಕ್ಕೆ ಹೋಗಬೇಕು. ಆ ಜಾಗಕ್ಕೆ ‘ಟವರ್ ಗುಡ್ಡ’ ಎಂದೇ ಹೆಸರು, ಟವರ್ ಮಾತ್ರ ಅಲ್ಲಿಲ್ಲ. ಅವನು ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಫೋನು ಹಿಡಿದು ನಿಂತ. ನಾನೂ ಭಾವನೂ ಕಾಲಿನ ಇಂಬಳ ಕೀಳುತ್ತ ಪಕ್ಕದಲ್ಲಿ ನಿಂತೆವು. ಮಳೆಯ ಸದ್ದಿಗೆ ಸ್ಪೀಕರ್ ಹಾಕಿಕೊಂಡಿದ್ದರಿಂದ ನಮಗೂ ಎಲ್ಲ ಕೇಳುತ್ತಿತ್ತು. ಆ ಕಡೆ ಇದ್ದದ್ದು ಅಮೆರಿಕದ ಹೆಂಗಸು. ಹುಡುಗ ಒಂದು ಸಾರಿ ಹೇಳಿದ. ‘ಸಾರಿ?’ ಎಂದಳು. ಇನ್ನೊಂದು ಸಾರಿ ಹೇಳಿದ. ಇನ್ನೊಂದು ‘ಸಾರಿ?’ ಬಂತು. ಇವನು ‘ಪ್ಯಾಚ್’ ಎಂದದ್ದು ಆಕೆಗೆ ‘ಬ್ಯಾಚ್’ ಎಂದು ಕೇಳಿಸಿತ್ತು. ಕಂಪ್ಯೂಟರಿನಲ್ಲಿ ಎರಡೂ ಇರುವುದರಿಂದ ಐದು ನಿಮಿಷ ಇಬ್ಬರೂ ಬೇರೆ ಬೇರೆ ಸಂಗತಿಯನ್ನು ಬಹಳ ಗಂಭೀರವಾಗಿ ಚರ್ಚಿಸಿದರು.

ಕೆಳಗಿಳಿಯುವಾಗ ಹುಡುಗನ ಮುಖ ಇಷ್ಟಾಗಿತ್ತು. ಭಾವ ಸಮಾಧಾನ ಹೇಳಿದರು: ‘ಟವರ್ ಸರಿ ಇಲ್ಲ ಮಾರಾಯ. ನಿನ್ನ ಇಂಗ್ಲಿಷಿಗೆ ಎಂತ ಆಗಿದೆ?’ ಮಲೆನಾಡಿನಲ್ಲಿ ಇದೊಂದು ಅನುಕೂಲ. ಬಾಯಿಯ ತಪ್ಪು, ಕಿವಿಯ ತಪ್ಪು ಎರಡನ್ನೂ ಟವರಿನ ತಲೆಗೆ ಕಟ್ಟಬಹುದು.

‘ಪ್ಯಾಚ್’ ಹೇಗೆ ‘ಬ್ಯಾಚ್’ ಆಯಿತು ಎಂಬುದು ಆಮೇಲೆ ಓದಿ ತಿಳಿಯಿತು. ಇಂಗ್ಲಿಷರು ಶಬ್ದದ ಮೊದಲ ಪಕಾರವನ್ನು ಉಸಿರು ಊದಿ ಹೇಳುತ್ತಾರೆ, ಅದರ ಹೊಟ್ಟೆಯಲ್ಲೊಂದು ಸಣ್ಣ ಹಕಾರ ಇರುತ್ತದೆ. ನಮ್ಮ ಪಕಾರ ಅಲ್ಪಪ್ರಾಣ, ಒಣಗಿದ್ದು. ಊದು ಇಲ್ಲದ ‘ಪ’ ಅವರ ಕಿವಿಯಲ್ಲಿ ‘ಬ’ದ ಮಗ್ಗುಲಿಗೆ ಹೋಗಿ ಕೂರುತ್ತದೆ. ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಹಾಪ್ರಾಣಗಳನ್ನು ಕಲಿತ ನಾವು, ಬೇಕಾದ ಜಾಗದಲ್ಲಿ ಒಂದು ಹಕಾರ ಬಿಟ್ಟು ಸಿಕ್ಕಿಬಿದ್ದೆವು.

ಹಕಾರ ಎಂದಾಗ ನನಗೊಂದು ಹಳೆಯ ಪಾಪ ನೆನಪಾಗುತ್ತದೆ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುವಾಗ ನಮ್ಮ ತರಗತಿಯಲ್ಲಿ ಬಯಲುಸೀಮೆ ಕಡೆಯ ಹುಡುಗನೊಬ್ಬ ಇದ್ದ. ಹಾಲಿಗೆ ‘ಆಲು’ ಎನ್ನುತ್ತಿದ್ದ. ‘ಆಲು ಕುಡಿಯದೋ, ಆಲೂಗಡ್ಡೆ ಥರ ಬೇಯಿಸದೋ?’ ಎಂದು ಹಾಸ್ಟೆಲಿಗೆ ಹಾಸ್ಟೆಲ್ಲೇ ನಕ್ಕಿತು. ಪಾಪ, ಅವನು ಹೆದರಿ ಎಲ್ಲೆಂದರಲ್ಲಿ ಹಕಾರ ಹಾಕತೊಡಗಿದ. ಅಡಿಕೆ ‘ಹಡಿಕೆ’ ಆಯಿತು, ಅನ್ನ ‘ಹನ್ನ’ ಆಯಿತು. ನಾವು ಇನ್ನೂ ಜೋರಾಗಿ ನಕ್ಕೆವು. ಅಸಲಿಗೆ ಹಾಲಿನ ಹಕಾರವೇ ಆಮೇಲೆ ಬಂದದ್ದು. ಪಂಪನ ಕಾಲದಲ್ಲಿ ಅದು ‘ಪಾಲ್’, ಹುಲಿ ‘ಪುಲಿ’. ಹತ್ತನೆಯ ಶತಮಾನದವರು ಯಾರಾದರೂ ಎದ್ದು ಬಂದರೆ ನಮ್ಮ ಶುದ್ಧ ‘ಹಾಲು’ ಕೇಳಿ ಎಷ್ಟು ಸಲ ‘ಸಾರಿ?’ ಎನ್ನುತ್ತಿದ್ದರೋ.

ನಮ್ಮ ಜಿಲ್ಲೆಯಲ್ಲಂತೂ ಇದಕ್ಕೆ ಬರವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಮುಚ್ಚಿ ನಿಂತರೂ ಯಾವ ಬಸ್ಸು ಬಂತೆಂದು ಹೇಳಬಹುದು. ‘ಎಂತದಾ’ ಎಂದರೆ ತೀರ್ಥಹಳ್ಳಿ, ‘ಏನ್ರಿ’ ಎಂದರೆ ಶಿಕಾರಿಪುರದ ಕಡೆ. ಇವರು ಅವರನ್ನು ಅಣಕಿಸುತ್ತಾರೆ, ಅವರು ಇವರನ್ನು. ಅಲ್ಲಮ ಹುಟ್ಟಿದ ಊರೆನ್ನುವ ಬಳ್ಳಿಗಾವಿ, ಅಕ್ಕ ಹುಟ್ಟಿದ ಊರೆನ್ನುವ ಉಡುತಡಿ ಎರಡೂ ಆ ಶಿಕಾರಿಪುರದ ಸೀಮೆಯಲ್ಲೇ ಇವೆ. ಅಲ್ಲಮನ ವಚನ ಓದುವಾಗ ಅವನ ಮಾತು ಯಾವ ಸೀಮೆಯ ಧಾಟಿ ಎಂದು ಯಾರೂ ಕೇಳುವುದಿಲ್ಲ, ಬಿಡಿ.

ಕಿವಿ ಎಷ್ಟು ಕಳ್ಳ ಎಂಬುದಕ್ಕೆ ಅಮೆರಿಕದ ಒಂದು ಪ್ರಯೋಗವಿದೆ. 1992ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಪಾಠದ ಧ್ವನಿಮುದ್ರಣ ಕೇಳಿಸಿದರು. ದನಿ ಅಮೆರಿಕದವಳದೇ, ಇಂಗ್ಲಿಷ್ ಮಾತೃಭಾಷೆಯವಳದು. ಪಾಠ ನಡೆಯುವಾಗ ಕೆಲವರ ಮುಂದೆ ಬಿಳಿಯ ಮಹಿಳೆಯ ಚಿತ್ರ, ಕೆಲವರ ಮುಂದೆ ಏಷ್ಯಾದ ಮಹಿಳೆಯ ಚಿತ್ರ. ಟೇಪು ಒಂದೇ. ಏಷ್ಯಾದ ಮುಖ ನೋಡಿದವರಿಗೆ ದನಿಯಲ್ಲಿ ಇಲ್ಲದ ಪರದೇಶಿ ಧಾಟಿ ಕೇಳಿಸಿತು. ಅಷ್ಟೇ ಅಲ್ಲ, ಅವರಿಗೆ ಪಾಠವೂ ಕಡಿಮೆ ತಲೆಗೆ ಹತ್ತಿತು! ಕಣ್ಣು ಮೊದಲು ತೀರ್ಪು ಬರೆದಿಡುತ್ತದೆ, ಕಿವಿ ಹೋಗಿ ಸಹಿ ಹಾಕುತ್ತದೆ.

2010ರಲ್ಲಿ ಶಿಕಾಗೋದ ಶಿರಿ ಲೆವ್-ಆರಿ, ಬೋಜ್ ಕೀಜರ್ ಇನ್ನೊಂದು ನೋಡಿದರು. ‘ಒಂಟೆಗಿಂತ ಜಿರಾಫೆ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು’ ಎಂಬಂಥ ಮಾತುಗಳನ್ನು ಪರದೇಶಿ ಧಾಟಿಯಲ್ಲಿ ಹೇಳಿದರೆ ಕೇಳಿದವರಿಗೆ ನಂಬಿಕೆ ಒಂದು ಗುಂಜಿ ಕಡಿಮೆ. ಅರ್ಥ ಮಾಡಿಕೊಳ್ಳಲು ಬೇಕಾದ ಶ್ರಮವನ್ನು ಮನಸ್ಸು ಮಾತಿನ ಸುಳ್ಳು ಎಂದು ಲೆಕ್ಕ ಬರೆದುಕೊಳ್ಳುತ್ತದಂತೆ. ಜಿರಾಫೆಗೆ ಈ ಗತಿಯಾದರೆ, ‘ಈ ಕೆಲಸ ನನಗೆ ಬರುತ್ತದೆ’ ಎಂದು ಮಳೆಯಲ್ಲಿ ನಿಂತು ಹೇಳಿದ ನಮ್ಮ ಹುಡುಗನ ಪಾಡೇನು? ಆ ಕೆಲಸ ಅವನಿಗೆ ಸಿಗಲಿಲ್ಲ. ಧಾಟಿಗೋ, ಟವರಿಗೋ, ನಿಜವಾಗಿ ಪ್ಯಾಚಿನ ಬಗ್ಗೆ ಗೊತ್ತಿರಲಿಲ್ಲವೋ ಕೇಳಲು ಧೈರ್ಯವಾಗಲಿಲ್ಲ.

ನಮ್ಮನ್ನು ಆಳಿದ ಇಂಗ್ಲಿಷರೇನು ನಮ್ಮ ಊರುಗಳ ಹೆಸರನ್ನು ನೆಟ್ಟಗೆ ಹೇಳಿದರೇ? ಮಡಿಕೇರಿ ‘ಮರ್ಕೆರಾ’ ಆಯಿತು, ಶಿವಮೊಗ್ಗ ‘ಶಿಮೋಗಾ’ ಆಯಿತು. ನಾವು ‘ಸಾರಿ?’ ಎನ್ನಲಿಲ್ಲ. ಅವರು ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆಸಿಕೊಂಡು, ಅವರು ಹೋದ ಮೇಲೂ ದಶಕಗಟ್ಟಲೆ ಇಟ್ಟುಕೊಂಡು, 2014ರ ನವೆಂಬರ್ 1ರಂದು ಸರ್ಕಾರಿ ಆದೇಶದ ಮೂಲಕ ಇಂಗ್ಲಿಷಿನಲ್ಲೂ ಶಿವಮೊಗ್ಗ ಆದೆವು.

ಪರದೇಶಿ ಧಾಟಿಗೆ ಕಿವಿ ಪಳಗಲು ಬಹಳ ಹೊತ್ತೇನೂ ಬೇಡ, ಒಂದು ನಿಮಿಷದೊಳಗೇ ಪಳಗುತ್ತದೆ ಎಂದೂ ಸಂಶೋಧಕರು ತೋರಿಸಿದ್ದಾರೆ. ಇದನ್ನು ಓದಿ ಬಹಳ ಖುಷಿಯಾಗಿ, ಮನೆಯವರಿಗೆಲ್ಲ ಒಂದು ಭಾಷಣ ಕೊಟ್ಟಿದ್ದೆ. ಅದಾಗಿ ವಾರವಾಗಿರಬಹುದು. ಬಾರದ ಪಾರ್ಸೆಲ್ ಒಂದರ ವಿಚಾರಕ್ಕೆ ಶಿವಮೊಗ್ಗದ ಮನೆಯಿಂದ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಎತ್ತಿದವನು ಈಶಾನ್ಯದ ಕಡೆಯ ಹುಡುಗನಿರಬೇಕು. ಇಂಗ್ಲಿಷು ಮೆದು, ಪದದ ಕೊನೆಗಳೆಲ್ಲ ಸವೆದ ಹಾಗೆ. ಐದಾರು ನಿಮಿಷವಾದರೂ ನನ್ನ ಕಿವಿ ಪಳಗಲಿಲ್ಲ. ‘ಸಾರಿ?’ ಎಂದೆ. ಅವನು ಮತ್ತೆ ಹೇಳಿದ. ಮತ್ತೆ ‘ಸಾರಿ?’ ಎಂದೆ, ಈ ಸಲ ಸ್ವಲ್ಪ ಗಡುಸಾಗಿ. ‘ನೆಟ್‌ವರ್ಕ್ ಸರಿ ಇಲ್ಲ ಕಾಣುತ್ತೆ, ನಿಧಾನಕ್ಕೆ ಹೇಳಿ’ ಎಂದೂ ಸೇರಿಸಿದೆ. ಅವನು ಬೇಸರವಿಲ್ಲದೆ ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ. ಕೊನೆಗೆ ಊರಿನ ಹೆಸರು ಬಂತು. ಶಿವಮೊಗ್ಗ ಎಂದ. ಒತ್ತಕ್ಷರಕ್ಕೆ ಎಷ್ಟು ಬೇಕೋ ಅಷ್ಟು ಒತ್ತು ಕೊಟ್ಟು.

ಫೋನ್ ಇಟ್ಟ ಮೇಲೆ ಪರದೆ ನೋಡಿದೆ. ಟವರಿನ ನಾಲ್ಕು ಕಡ್ಡಿಯೂ ನೆಟ್ಟಗೆ ನಿಂತಿದ್ದವು.