ಡಾಕ್ಟರ್ ಗಾಶೆಯವರ ಮುಖ ಯಾರ ಸೊತ್ತು?

ಜಗನ್ಮೋಹನ ಅರಮನೆಗೆ ಹೋದಾಗಲೆಲ್ಲ ನಾನು ಚಿತ್ರಕಾರ ಹಲ್ದನ್‌ಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರದ ಮುಂದೆ ಬಹಳ ಹೊತ್ತು ನಿಲ್ಲುತ್ತೇನೆ. ಬೆರಳ ಸಂದಿಯಿಂದ ತೂರಿ ಬರುವ ಆ ಬೆಳಕು ಬರೀ ಜಲವರ್ಣದ್ದೆಂದು ನಂಬುವುದೇ ಕಷ್ಟ. ಪಕ್ಕದವರು ಅದನ್ನು ರವಿವರ್ಮನ ಚಿತ್ರವೆಂದರೆ ಸುಮ್ಮನಿರಲಾರದೆ ತಿದ್ದುತ್ತೇನೆ. ಆಕೆ ಕಲಾವಿದರ ಮಗಳು ಗೀತಾ, 2018ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು ಎಂದೂ ಸೇರಿಸುತ್ತೇನೆ.

ಮೊನ್ನೆ ಅಲ್ಲಿ ನಿಂತಿದ್ದಾಗ, ಇನ್ನೆಂದೂ ನೋಡಲಾಗದೇನೋ ಎಂಬ ಮತ್ತೊಂದು ಭಾವಚಿತ್ರ ನೆನಪಾಗಿ ಮನಸ್ಸು ಭಾರವಾಯಿತು. ಡಚ್ ಚಿತ್ರಕಾರ ವ್ಯಾನ್ ಗೋ 1890ರ ಜೂನ್‌ನಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮೊದಲು, ತನ್ನನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಗಾಶೆಯವರನ್ನು ಚಿತ್ರಿಸಿದ್ದ. ಕೆನ್ನೆಗೆ ಮುಷ್ಟಿ ಊರಿ, ಮೇಜಿಗೆ ವಾಲಿ ಕುಳಿತ ಆ ವೈದ್ಯರ ಮುಖದಲ್ಲಿ ರೋಗಿಯ ಸಂಕಟವೇ ಮನೆಮಾಡಿದೆ. ಮುಂದೆ ಹೃದ್ರೋಗದ ಔಷಧಿಗೆ ಬಳಸುವ ಗಿಡದ ಹೂರೆಂಬೆ. 1911ರಲ್ಲಿ ಫ್ರಾಂಕ್‌ಫರ್ಟಿನ ಸ್ಟೇಡಲ್ ಸಂಗ್ರಹಾಲಯ ಸೇರಿದ ಈ ಚಿತ್ರವನ್ನು 1937ರಲ್ಲಿ ನಾಜಿಗಳು ಕಿತ್ತುಕೊಂಡರು. ಅದು ಕೈಯಿಂದ ಕೈಗೆ ದಾಟಿ ನ್ಯೂಯಾರ್ಕ್ ತಲುಪಿತು.

1990ರ ಮೇ 15ರ ಹರಾಜಿನಲ್ಲಿ ಜಪಾನಿನ ಕಾಗದ ಉದ್ಯಮಿ ರ್‍ಯೋಯೆ ಸೈತೊ ಇದಕ್ಕೆ 8.25 ಕೋಟಿ ಡಾಲರ್ ಕೊಟ್ಟರು; ಎರಡೇ ದಿನಗಳಲ್ಲಿ ಫ್ರೆಂಚ್ ಚಿತ್ರಕಾರ ರೆನ್ವಾರ್‌ನ ಚಿತ್ರವೊಂದಕ್ಕೆ ಇನ್ನೂ 7.81 ಕೋಟಿ. ತಾವು ಸತ್ತಾಗ ಗಾಶೆಯವರ ಚಿತ್ರವನ್ನೂ ತಮ್ಮೊಡನೆ ಚಿತೆಗೇರಿಸಬೇಕೆಂದು ಅವರು ಆಡಿದ ಮಾತು ಲೋಕವನ್ನೇ ಬೆಚ್ಚಿಬೀಳಿಸಿತು. ಅದು ಚಿತ್ರದ ಮೇಲಿನ ಅಕ್ಕರೆಯ ಮಾತಷ್ಟೇ ಎಂಬ ಸಮಜಾಯಿಷಿ ಆಮೇಲೆ ಬಂತು, ಅದನ್ನು ನಾನು ನಂಬುತ್ತೇನೆ. ಆದರೆ ಅಕ್ಕರೆಗೂ ಒಂದು ಮಿತಿಯಿದೆ. 1996ರಲ್ಲಿ ಸೈತೊ ತೀರಿಕೊಂಡರು. ಚಿತ್ರ ಚಿತೆಗೇನೂ ಹೋಗಲಿಲ್ಲ, ಆದರೂ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. 2019ರಲ್ಲಿ ಸ್ಟೇಡಲ್‌ನವರು ವ್ಯಾನ್ ಗೋ ಪ್ರದರ್ಶನ ನಡೆಸಿದಾಗ ಆ ಚಿತ್ರದ ಖಾಲಿ ಚೌಕಟ್ಟನ್ನಷ್ಟೇ ತೂಗುಹಾಕಬೇಕಾಯಿತು.

ದುಡ್ಡು ಕೊಟ್ಟವರಿಗೆ ಕ್ಯಾನ್ವಾಸಿನ ಮೇಲೆ ಹಕ್ಕಿದೆ, ಒಪ್ಪುತ್ತೇನೆ. ನಮ್ಮ ಅರಸರೂ ಸಂಗ್ರಾಹಕರೇ ಆಗಿದ್ದರು; ಬೀಗ ಹಾಕಿಟ್ಟುಕೊಂಡಿದ್ದರೆ ಕೇಳುವವರು ಯಾರಿದ್ದರು? ಆದರೂ 1915ರಲ್ಲಿ ಜಗನ್ಮೋಹನ ಅರಮನೆ ಚಿತ್ರಶಾಲೆಯಾಯಿತು. ಆದ್ದರಿಂದಲೇ ಇಂದು ಮಂಡ್ಯದಿಂದ ಬಸ್ಸಿನಲ್ಲಿ ಬಂದ ಶಾಲೆಯ ಮಗುವೂ ಗೀತಾ ಅವರ ಮುಖವನ್ನು ಕಣ್ತುಂಬ ನೋಡುತ್ತದೆ. ಗಾಶೆಯವರನ್ನು ಈಗ ಇಟ್ಟುಕೊಂಡಿರುವವರು ಚಿತ್ರವನ್ನು ದಾನ ಮಾಡಬೇಕಿಲ್ಲ, ತಮ್ಮ ಹೆಸರನ್ನೂ ಹೇಳಬೇಕಿಲ್ಲ. ‘ಖಾಸಗಿ ಸಂಗ್ರಹ’ ಎಂಬ ಚೀಟಿಯಡಿ ಎಷ್ಟೋ ಚಿತ್ರಗಳು ಸಂಗ್ರಹಾಲಯಗಳಿಗೆ ಎರವಲಾಗಿ ಬರುತ್ತವೆ. ಹಾಗೆ ಒಂದು ಚಳಿಗಾಲದ ಮಟ್ಟಿಗಾದರೂ ಅದನ್ನು ಫ್ರಾಂಕ್‌ಫರ್ಟಿನ ಆ ಗೋಡೆಗೆ ಕಳುಹಿಸಿಕೊಡಲಿ.