ಆನೆಗೆ ತಿಳಿಸತಕ್ಕದ್ದು

ಕೊಡಗಿನಲ್ಲಿ ಈಗ ಕಾಫಿಗಿಂತ ಬೋರ್ಡು ಜಾಸ್ತಿ ಬೆಳೆಯುತ್ತದೆ. ಕುಶಾಲನಗರ ದಾಟಿ ಸುಂಟಿಕೊಪ್ಪದ ಕಡೆ ಹತ್ತಿದರೆ ಸಾಕು, ಪ್ರತಿ ತಿರುವಿಗೂ ಒಂದು ಹೋಂಸ್ಟೇ, ಪ್ರತಿ ಹೋಂಸ್ಟೇಗೂ ಒಂದು ಗೇಟು, ಪ್ರತಿ ಗೇಟಿಗೂ ಇಂಗ್ಲಿಷಿನಲ್ಲಿ ಒಂದು ನಿಯಮಾವಳಿ. ಬರೆದವರು ತೋಟದ ಓನರ್. ಓದುವವರು ಬೆಂಗಳೂರಿನಿಂದ ಬಂದವರು. ಇಬ್ಬರಿಗೂ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೂ ಇಂಗ್ಲಿಷೇ ಆಗಬೇಕು. ರೂಮಿನ ರೇಟಿಗೆ ತಕ್ಕ ಭಾಷೆ ಬೇಡವಾ?

ನಮ್ಮ ಕಡೆಯ ಒಂದು ಗೇಟಿನ ಮೇಲೆ ಹೀಗಿದೆ: ‘ಇಫ್ ಯೂ ಸೀ ಆನ್ ಎಲಿಫೆಂಟ್, ಇಟ್ ಶುಡ್ ಬಿ ಇನ್‌ಫಾರ್ಮ್ಡ್ ಇಮ್ಮಿಡಿಯೇಟ್ಲಿ.’ ಅಂದರೆ, ಆನೆ ಕಂಡರೆ ಕೂಡಲೇ ಅದಕ್ಕೆ ತಿಳಿಸತಕ್ಕದ್ದು. ಏನಂತ ತಿಳಿಸುವುದು? ‘ತಾವು ಆನೆ, ತಮ್ಮನ್ನು ನಾವು ನೋಡಿದ್ದೇವೆ, ದಯವಿಟ್ಟು ಗಮನಿಸಿ’ ಅಂತಲಾ? ಸಿದ್ದಾಪುರದ ಕಡೆ ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗುವವರಿಗೆ ಆನೆ ಎದುರಾದರೆ ಓಡುವುದೊಂದೇ ಗೊತ್ತು. ಇಷ್ಟು ಮರ್ಯಾದೆಯ ದಾರಿ ಇದೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಪಾಪ, ಓನರ್ ಹೇಳಹೊರಟದ್ದು ಅರಣ್ಯ ಇಲಾಖೆಯವರಿಗೆ ತಿಳಿಸಿ ಅಂತ. ಆದರೆ ಇಂಗ್ಲಿಷಿನ ‘ಇಟ್’ಗೆ ಒಂದು ಚಾಳಿ ಇದೆ. ಅದು ಹಿಂದೆ ತಿರುಗಿ ನೋಡುತ್ತದೆ. ಹತ್ತಿರದಲ್ಲಿ ಯಾರ ಹೆಸರು ನಿಂತಿದೆಯೋ ಅವರ ಕೈ ಹಿಡಿಯುತ್ತದೆ. ಇಲ್ಲಿ ಹತ್ತಿರ ನಿಂತದ್ದು ಆನೆ. ಇಲಾಖೆ ವಾಕ್ಯದಲ್ಲೂ ಇರಲಿಲ್ಲ.

ಅದೇ ಬೋರ್ಡಿನಲ್ಲಿ ಇನ್ನೊಂದು ಸಾಲು. ‘ಪೇರೆಂಟ್ಸ್ ಶುಡ್ ಕೀಪ್ ಚಿಲ್ಡ್ರನ್ ಅವೇ ಫ್ರಮ್ ದ ಡಾಗ್ಸ್. ದೇ ಬೈಟ್.’ ಕಚ್ಚುವವರು ಯಾರು? ಅಪ್ಪ ಅಮ್ಮ, ಮಕ್ಕಳು, ನಾಯಿ, ಮೂವರಿಗೂ ‘ದೇ’ ಹೊಂದುತ್ತದೆ. ವೀಕೆಂಡಿನಲ್ಲಿ ಬರುವ ಮಕ್ಕಳನ್ನು ನೋಡಿದವರಿಗೆ ಇದರಲ್ಲಿ ತಿದ್ದುವಂಥದ್ದು ಏನೂ ಕಾಣುವುದಿಲ್ಲ.

ಆದರೆ ಬೋರ್ಡು ಕಂಡರೆ ಅದರ ಇಂಗ್ಲಿಷ್ ತಿದ್ದದೆ ಸುಮ್ಮನಿರದ ಒಂದು ವರ್ಗ ನಮ್ಮಲ್ಲಿದೆ. ಊರಿಗೊಬ್ಬರಾದರೂ ಇದ್ದಾರೆ. ಸಂಜೆ ಕ್ಲಬ್ಬಿನಲ್ಲಿ ಸಿಗುತ್ತಾರೆ, ಉಳಿದ ಹೊತ್ತು ವಾಟ್ಸಾಪ್ ಗ್ರೂಪಿನಲ್ಲಿ. 1834ರಿಂದ 1947ರವರೆಗೆ ಕೊಡಗನ್ನು ಇಂಗ್ಲಿಷರು ನೇರವಾಗಿ ಆಳಿದರು. ಆಮೇಲೆ 1956ರವರೆಗೆ ನಾವೇ ಒಂದು ಪುಟ್ಟ ರಾಜ್ಯವಾಗಿದ್ದೆವು. ಎಲ್ಲ ಅಧಿಕಾರವೂ ಒಂದೊಂದಾಗಿ ಹಸ್ತಾಂತರ ಆಯಿತು. ‘ಐ’ ಮತ್ತು ‘ಮಿ’ ಖಾತೆಯನ್ನು ಮಾತ್ರ ಈ ತಿದ್ದುವವರು ಇನ್ನೂ ಬಿಟ್ಟುಕೊಟ್ಟಿಲ್ಲ.

ಬಾಗಿಲು ತಟ್ಟಿದಾಗ ಒಳಗಿನಿಂದ ‘ಯಾರು?’ ಅಂದರೆ ‘ಇಟ್ ಈಸ್ ಐ’ ಅನ್ನುವ ಹಿರಿಯರು ಮಡಿಕೇರಿಯಲ್ಲಿ ಈಗಲೂ ಇದ್ದಾರೆ. ಹಳೇ ವ್ಯಾಕರಣದ ಪ್ರಕಾರ ಅಪ್ಪಟ ಸರಿ. ಇಂಗ್ಲೆಂಡಿನವರು ಅದನ್ನು ಬಿಟ್ಟು ‘ಇಟ್ಸ್ ಮಿ’ಗೆ ಇಳಿದು ಎಷ್ಟೋ ಕಾಲವಾಯಿತು. ಆದರೆ ಜುಲೈ ಮಳೆಯಲ್ಲಿ ತೊಪ್ಪೆಯಾಗಿ ನಿಂತಾಗಲೂ ಪ್ರಥಮಾ ವಿಭಕ್ತಿ ಬಿಡುವುದಿಲ್ಲ ಅಂದರೆ, ಆ ಶಿಸ್ತಿಗೆ ಒಂದು ಸೆಲ್ಯೂಟ್ ಹೊಡೆಯಲೇಬೇಕು.

ಮೊನ್ನೆ ಮದುವೆಯಾದ ಹುಡುಗ ಗ್ರೂಪಿನಲ್ಲಿ ಒಂದು ಫೋಟೋ ಹಾಕಿ ‘ಎ ಪಿಕ್ಚರ್ ಆಫ್ ಮೈ ವೈಫ್ ಅಂಡ್ ಐ’ ಅಂತ ಬರೆದ. ಶುಭಾಶಯಕ್ಕಿಂತ ಮೊದಲು ತಿದ್ದುಪಡಿ ಬಂತು. ‘ನಾಟ್ ಐ. ಮಿ.’ ಕೂಡಲೇ ಪಾಠವೂ ಬಂತು. ಉಪಾಯ ಒಳ್ಳೆಯದೇ: ಜೊತೆಗಿರುವವರನ್ನು ಸ್ವಲ್ಪ ಹೊತ್ತು ವಾಕ್ಯದಿಂದ ಹೊರಗೆ ನಿಲ್ಲಿಸಿ ನೋಡಿ. ‘ಎ ಪಿಕ್ಚರ್ ಆಫ್ ಐ’ ಅಂತ ಯಾರೂ ಅನ್ನುವುದಿಲ್ಲ, ‘ಆಫ್ ಮಿ’ ಅನ್ನುತ್ತಾರೆ. ಹಾಗಾದರೆ ಹೆಂಡತಿ ವಾಪಸ್ ಬಂದು ಪಕ್ಕದಲ್ಲಿ ನಿಂತರೂ ‘ಮಿ’ಯೇ. ಸರಿ ಸ್ವಾಮಿ. ಆದರೆ ಹೊಸ ಮದುಮಗನಿಗೆ ‘ಹೆಂಡತಿಯನ್ನು ತೆಗೆದು ನೋಡು ಮಾರಾಯ’ ಅಂತ ಎಲ್ಲರ ಎದುರು ಹೇಳುವುದಾ? ಆ ಹುಡುಗಿಯೂ ಅದೇ ಗ್ರೂಪಿನಲ್ಲಿದ್ದಾಳೆ.

ಅಷ್ಟಕ್ಕೂ ಈ ತಪ್ಪು ಹುಟ್ಟಿದ್ದೇ ತಿದ್ದುವವರಿಂದ. ಸ್ಕೂಲಿನಲ್ಲಿ ‘ಮಿ ಅಂಡ್ ಮೈ ಫ್ರೆಂಡ್ ವೆಂಟ್ ಟು ರಾಜಾಸ್ ಸೀಟ್’ ಅಂದದ್ದಕ್ಕೆ ಬೈಸಿಕೊಂಡ ಹುಡುಗ, ಅಲ್ಲಿ ‘ಐ’ ಯಾಕೆ ಬರಬೇಕು ಅಂತ ಕಲಿಯಲಿಲ್ಲ. ‘ಮಿ’ ಅಂದರೆ ಸ್ವಲ್ಪ ಕೀಳು ಅಂತ ಕಲಿತ. ದೊಡ್ಡವನಾದ ಮೇಲೆ ‘ಮಿ’ ಬೇಕಾದ ಕಡೆಗೂ ‘ಐ’ಯನ್ನೇ ಕಳಿಸುತ್ತಾನೆ. ಗುಟ್ಟು ಹೇಳುವಾಗಲೂ ‘ಬಿಟ್ವೀನ್ ಯೂ ಅಂಡ್ ಐ’ ಅನ್ನುತ್ತಾನೆ. ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕ ಆಂಟೋನಿಯೋ ಗೆಳೆಯನಿಗೆ ಬರೆದ ಕಾಗದದಲ್ಲೂ ಇದೇ ‘ಬಿಟ್ವೀನ್ ಯೂ ಅಂಡ್ ಐ’ ಇದೆ. ಯಾರೋ ಅದನ್ನು ತಂದು ಗ್ರೂಪಿನಲ್ಲಿ ಹಾಕಿದರು. ತಿದ್ದುವವರು ಸ್ವಲ್ಪ ಹೊತ್ತು ಮೌನ. ಆಮೇಲೆ ಉತ್ತರ ಬಂತು: ‘ಆಂಟೋನಿಯೋ ವ್ಯಾಪಾರದವನು. ಡಿಗ್ರಿ ಮಾಡಿದವನಲ್ಲ.’

‘ಐ’ ಮೇಲೂ ಧೈರ್ಯ ಸಾಲದವರಿಗೆ ‘ಮೈಸೆಲ್ಫ್’ ಇದೆ. ‘ಮೈಸೆಲ್ಫ್ ಓನರ್. ಎನಿ ಪ್ರಾಬ್ಲಂ, ಪ್ಲೀಸ್ ಕಾಲ್ ಮೈಸೆಲ್ಫ್.’ ಕರಿಮೆಣಸಿನ ಬಳ್ಳಿಗೆ ಸಿಲ್ವರ್ ಮರ ಬೇಕಾದ ಹಾಗೆ ಈ ‘ಮೈಸೆಲ್ಫ್’ಗೆ ಮೊದಲೇ ಒಂದು ‘ಐ’ ನೆಟ್ಟಿರಬೇಕು. ‘ಐ ಹರ್ಟ್ ಮೈಸೆಲ್ಫ್’ ಅಂದರೆ ಹಬ್ಬಿಕೊಳ್ಳುತ್ತದೆ. ಬರೀ ನೆಲದ ಮೇಲೆ ಬಿಟ್ಟರೆ ಓನರ್ ತನಗೆ ತಾನೇ ಫೋನ್ ಮಾಡಿಕೊಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರ್ ಸತ್ತು ಕೂತಾಗ ನಮ್ಮಲ್ಲಿ ಕನೆಕ್ಟ್ ಆಗುವುದೂ ಅದೊಂದೇ ಕಾಲ್.

‘ಯುವರ್ಸ್’ ತಲೆಯ ಮೇಲೆ ತೂಗುವ ಅಪಾಸ್ಟ್ರಫಿ ಅನ್ನುವ ಸಣ್ಣ ಕೊಕ್ಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಬೇಡ. ‘ಹರ್ಸ್’ಗೂ ಬೇಡ, ‘ದೇರ್ಸ್’ಗೂ ಬೇಡ. ಬೋರ್ಡು ಬರೆಯುವವರು ಅಕ್ಷರಕ್ಕೆ ಮಾತ್ರ ದುಡ್ಡು ಕೇಳುತ್ತಾರೆ, ಕೊಕ್ಕೆ ಫ್ರೀ. ಫ್ರೀ ಬಂದದ್ದನ್ನು ಬಿಡುವವರು ಯಾರು?

ದೊಡ್ಡ ಜಗಳ ಆದದ್ದು ‘ಈಚ್ ಗೆಸ್ಟ್ ಶುಡ್ ಶೋ ದೇರ್ ಐಡಿ’ ಅನ್ನುವ ಸಾಲಿಗೆ. ಒಬ್ಬ ಗೆಸ್ಟಿಗೆ ಬಹುವಚನ ಹೇಗೆ? ‘ಹಿಸ್’ ಅನ್ನಬೇಕಂತೆ. ಬರುವವರು ಹೆಂಗಸಾದರೆ? 1897ರ ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ ಗಂಡಸಿನ ಮಾತಿನಲ್ಲಿ ಹೆಂಗಸೂ ಸೇರಿದಳು ಅಂತ ಒಬ್ಬ ವಕೀಲರು ಕಾನೂನು ತೆಗೆದರು. ಕಾನೂನು ಹಾಗೇ ಇದೆ, ಸುಳ್ಳಲ್ಲ. ಆದರೆ ಒಬ್ಬರನ್ನು ‘ದೇ’ ಅನ್ನುವುದು ಇಂಗ್ಲಿಷಿನಲ್ಲಿ 14ನೇ ಶತಮಾನದಿಂದ ನಡೆದುಬಂದಿದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದೂ ಆ ‘ದೇ’ಯನ್ನೇ. ಮನೆಗೆ ಅಜ್ಜಿ ಒಬ್ಬರೇ ಬಂದರೂ ‘ಅವರು ಬಂದರು’ ಅನ್ನುವ ನಾವು, ಇಂಗ್ಲಿಷಿನಲ್ಲಿ ಮಾತ್ರ ಅಜ್ಜಿ ಎಷ್ಟು ಜನ ಅಂತ ಎಣಿಸಲು ಕೂರುತ್ತೇವೆ.

ನನಗೆ ತುಂಬಾ ಇಷ್ಟವಾದದ್ದು ಹಳೇ ವ್ಯಾಕರಣ ಪುಸ್ತಕಗಳ ಸಾಲುಗಟ್ಟುವ ನಿಯಮ. ಒಳ್ಳೆಯ ಮಾತಾದರೆ ಮೊದಲು ‘ಯೂ’, ಆಮೇಲೆ ‘ಹಿ’, ಕೊನೆಗೆ ‘ಐ’. ತಪ್ಪು ಒಪ್ಪಿಕೊಳ್ಳುವಾಗ ಮಾತ್ರ ‘ಐ’ ಮೊದಲು ನಿಲ್ಲಬೇಕು. ಈ ಎರಡನೇ ಭಾಗವನ್ನು ಬಳಸಿದ ಒಂದೇ ಒಂದು ಸರ್ಕಾರಿ ಕಾಗದ ನನ್ನ ಕಣ್ಣಿಗೆ ಬಿದ್ದಿಲ್ಲ. ಮೊದಲನೇ ಭಾಗವನ್ನು ನಮ್ಮ ಫ್ಲೆಕ್ಸುಗಳು ತಿರುಗಿಸಿ ಕಟ್ಟಿಕೊಂಡಿವೆ. ಡಾಂಬರು ಬರುವ ಮೊದಲೇ ‘ಐ’ಯ ಫೋಟೋ ಬಂದು ನಗುತ್ತದೆ. ಡಾಂಬರು ಎದ್ದುಹೋದ ಮೇಲೆ ‘ದೇ’ ಬರುತ್ತದೆ.

ನಮ್ಮ ಪಕ್ಕದ ತೋಟದ ಅಣ್ಣ, ಮಳೆಗೆ ಕೊಚ್ಚಿಹೋದ ಮೋರಿಯ ಬಗ್ಗೆ ಒಂದು ಕಚೇರಿಗೆ ಅರ್ಜಿ ಕೊಟ್ಟರು. ಕನ್ನಡದಲ್ಲೇ. ಉತ್ತರ ಇಂಗ್ಲಿಷಿನಲ್ಲಿ ಬಂತು. ‘ಇಟ್ ಈಸ್ ಇನ್‌ಫಾರ್ಮ್ಡ್ ದಟ್ ದ ಸೇಮ್ ಹ್ಯಾಸ್ ಬೀನ್ ಫಾರ್ವರ್ಡೆಡ್ ಟು ದೆಮ್ ಅಂಡ್ ದೇ ವಿಲ್ ಡು ದ ನೀಡ್‌ಫುಲ್.’ ಅದನ್ನು ತಿದ್ದುವವರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ‘ದೆಮ್’ ಇರಬೇಕಾದಲ್ಲಿ ‘ದೆಮ್’ ಇದೆ. ‘ದೇ’ ಇರಬೇಕಾದಲ್ಲಿ ‘ದೇ’ ಇದೆ. ಭೇಷ್ ಅಂದರು. ಇಡೀ ಜಿಲ್ಲೆಯಲ್ಲಿ ಇಂಥ ಇಂಗ್ಲಿಷ್ ಬರೆಯುವವರು ಕಡಿಮೆಯಂತೆ.

ಆದರೆ ಯಾವುದು ‘ಸೇಮ್’? ಅರ್ಜಿಯಾ, ಮೋರಿಯಾ? ಮೋರಿಯನ್ನು ಫಾರ್ವರ್ಡ್ ಮಾಡುವ ಕೆಲಸ ಹೊಳೆ ಆಗಲೇ ಮುಗಿಸಿದೆ. ‘ದೆಮ್’ ಯಾರು? ಗೇಟಿನ ಬೋರ್ಡಿನ ‘ಇಟ್’ ಹಿಂದೆ ಕಡೇಪಕ್ಷ ಒಂದು ಆನೆಯಾದರೂ ಇತ್ತು. ಈ ಕಾಗದದ ‘ದೇ’ ಹಿಂದೆ ಇರುವೆಯೂ ಇಲ್ಲ.

‘ಎಂತ ಮಾಡುವುದು ಹೇಳಿ, ಅವರ ಭಾಷೆಯಲ್ಲೇ ಕೇಳಿಬಿಡುತ್ತೇನೆ’ ಅಂತ ಅಣ್ಣ ಇಂಗ್ಲಿಷಿನಲ್ಲೇ ಒಂದು ಸಾಲು ಬರೆದು ಕಳಿಸಿದರು. ‘ಸರ್, ಹೂ ಈಸ್ ದೇ?’

ಮೋರಿಯ ಅರ್ಜಿಗೆ ತಿಂಗಳುಗಟ್ಟಲೆ ಮಲಗಿದ್ದ ಕಚೇರಿ ಈ ಸಲ ವಾರದೊಳಗೆ ಎದ್ದಿತು. ತಮ್ಮ ಪತ್ರದಲ್ಲಿ ‘ದೇ’ಗೆ ‘ಈಸ್’ ಬಳಸಲಾಗಿದ್ದು, ‘ಆರ್’ ಎಂದು ತಿದ್ದಿ, ಎರಡು ಪ್ರತಿಗಳಲ್ಲಿ ಮರುಸಲ್ಲಿಸುವುದು, ತಪ್ಪಿದಲ್ಲಿ ಕಡತ ಮುಕ್ತಾಯಗೊಳಿಸಲಾಗುವುದು. ಕೆಳಗೆ ಹೆಸರಿಲ್ಲ. ‘ಫಾರ್’ ಅಂತ ಬರೆದು ಯಾರದ್ದೋ ಒಂದು ಗೀಚು.