ಟಾರ್ಪಾಲು ಎಳೆದವರು ಯಂತ್ರವಾದ ಬಗೆ

ಹದಿನೈದು ನಿಮಿಷ ಸುರಿದ ಮಳೆಗೆ ನಾಲ್ಕು ಗಂಟೆ ಮೂವತ್ತನಾಲ್ಕು ನಿಮಿಷ ಮೈದಾನ ಒರೆಸಿದ ಕೀರ್ತಿ ಶಿಕಾಗೋದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡಿಗೆ ಸಲ್ಲಬೇಕು. 2014ರ ಆಗಸ್ಟ್ 19ರ ರಾತ್ರಿ ಆ ಮೈದಾನದ ಕಬ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಎದುರು 2-0 ಮುಂದಿತ್ತು, ಐದನೇ ಇನಿಂಗ್ಸಿನ ಮೊದಲರ್ಧ ಮುಗಿದಿತ್ತು. ಮನೆಯ ತಂಡ ಮುಂದಿರುವಾಗ ಅಷ್ಟು ಆಟ ನಡೆದರೆ ಪಂದ್ಯ ಊರ್ಜಿತ. ಆಮೇಲೆ ಆಕಾಶ ಕಳಚಿ ಬಿದ್ದರೂ ಗೆಲುವು ಗೆಲುವೇ. ವರುಣದೇವ ರೂಲ್ ಬುಕ್ ಓದಿಕೊಂಡೇ ಇಳಿದಂತಿತ್ತು.

ಓದದೇ ಬಂದದ್ದು ಟಾರ್ಪಾಲು. ಬೇಸ್‌ಬಾಲಿನ ಟಾರ್ಪಾಲು ಸಾಮಾನ್ಯವಾಗಿ 170 ಅಡಿ ಉದ್ದ, ಅಷ್ಟೇ ಅಗಲ, ತೂಕ ಅರ್ಧ ಟನ್ನಿನ ಮೇಲೆ. ಅದನ್ನು ಮಡಿಚಿ ದಪ್ಪ ಕೊಳವೆಗೆ ಸುತ್ತಿಟ್ಟಿರುತ್ತಾರೆ. ಮಳೆ ಬಂದಾಗ ಹದಿನೈದಿಪ್ಪತ್ತು ಜನ ಕೊಳವೆಯನ್ನು ಗೊತ್ತಾದ ಜಾಗಕ್ಕೆ ಉರುಳಿಸಿ, ನೇರ ಬಿಚ್ಚಿ, ಅಂಚು ಹಿಡಿದು ಗಾಳಿ ಬೀಸುವ ಕಡೆಗೇ ಓಡಬೇಕು. ಗಾಳಿಗೆ ಎದುರಾಗಿ ಓಡಿದರೆ ಅದು ಹಾಯಿ ಆಗುತ್ತದೆ, ಹಿಡಿದವರು ಗಾಳಿಪಟದ ಬಾಲಂಗೋಚಿ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಸಲ ನೇರವಾಗಿ ಸುತ್ತಿಟ್ಟಿರಬೇಕು. ಸುತ್ತುವಾಗ ಸೊಟ್ಟಗಾದದ್ದು ಬಿಚ್ಚುವಾಗಲೂ ಸೊಟ್ಟ. ಒಂದು ಮೂಲೆ ಹುಲ್ಲಿನ ಮೇಲೆ ಆರಾಮಾಗಿ ಮಲಗಿದರೆ ಇನ್ನೊಂದು ಮೂಲೆಯಲ್ಲಿ ಮಣ್ಣು ಬೆತ್ತಲೆ. ಎಳೆದು ಸರಿಮಾಡೋಣವೆಂದರೆ ಮಳೆ ಕಾಯುವುದಿಲ್ಲ. ಅಷ್ಟಗಲದ ಹಾಳೆಯ ಮೇಲೆ ಬರೀ ಒಂದು ಮಿಲಿಮೀಟರ್ ನೀರು ನಿಂತರೂ ಎರಡೂವರೆ ಟನ್ನಿನ ಮೇಲಾಯಿತು. ಆ ರಾತ್ರಿ ಆದದ್ದು ಅದೇ. ಜೇಡಿ ಬೆರೆತ ಮಣ್ಣು ಗದ್ದೆಯಾಯಿತು, ನಾಟಿ ಹಾಕುವುದೊಂದು ಬಾಕಿ. ಬೆಳಗಿನ ಜಾವ 1:16ಕ್ಕೆ ಅಂಪೈರ್‌ಗಳು ಕೈಚೆಲ್ಲಿದರು, ಕಬ್ಸ್ ಗೆದ್ದಿತು.

ಜೈಂಟ್ಸ್ ತಕರಾರು ಹಾಕಿತು. ಪೇಚಿಗೆ ಬಿದ್ದದ್ದು ಪಂದ್ಯಾವಳಿ ನಡೆಸುವ ಲೀಗು, ಏಕೆಂದರೆ ಸಿಬ್ಬಂದಿಯ ಎಡವಟ್ಟಿಗೆ ನಿಯಮದಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ಒಂದೇ ಕಿಂಡಿ: ಮನೆಯ ತಂಡದ ಸುಪರ್ದಿಯಲ್ಲಿರುವ ಯಾಂತ್ರಿಕ ಸಲಕರಣೆ ಕೆಟ್ಟರೆ ಆಟ ನಿಂತಲ್ಲಿಂದ ಮುಂದುವರಿಯಬೇಕು. ಟಾರ್ಪಾಲನ್ನು ಹಿಂದಿನ ಬಳಕೆಯ ನಂತರ ಸರಿಯಾಗಿ ಸುತ್ತಿಟ್ಟಿರಲಿಲ್ಲ, ಆದ್ದರಿಂದ ಇದು ಯಂತ್ರದೋಷ ಎಂದು ತೀರ್ಪು ಬಂತು. ಮೋಟಾರಿಲ್ಲ, ಗುಂಡಿಯಿಲ್ಲ, ಇದ್ದದ್ದು ಒದ್ದೆ ಚಡ್ಡಿಯ ಒಂದಷ್ಟು ಹುಡುಗರು. ಅವರು ಕೆಟ್ಟುಹೋದ ಯಂತ್ರವೆಂದು ಅಧಿಕೃತವಾಗಿ ದಾಖಲಾದರು. 1986ರ ನಂತರ ಮೊದಲ ಬಾರಿಗೆ ತಕರಾರೊಂದು ಗೆದ್ದಿತು.

ಲೆಕ್ಕದ ಪುಸ್ತಕದಲ್ಲಿ ಅವರು ಅದಕ್ಕೂ ಕಡಿಮೆ. ವಾರಕ್ಕೆ 30 ಗಂಟೆ ದುಡಿದವರಿಗೆ ಆರೋಗ್ಯ ವಿಮೆ ಕೊಡಬೇಕೆಂಬ ಕಾನೂನು ಜಾರಿಗೆ ಬರುವುದರಲ್ಲಿತ್ತು. ಅದಕ್ಕೆ ಸಿಗದಂತೆ ಕ್ಲಬ್ಬು ಮೈದಾನದವರ ಗಂಟೆ ಕತ್ತರಿಸಿದೆ ಎಂದು ಶಿಕಾಗೋದ ಪತ್ರಿಕೆಯೊಂದು ಬರೆಯಿತು. ಎಡವಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದಿತು ಕ್ಲಬ್ಬು. ಇರಲಿಕ್ಕಿಲ್ಲ. ನೂರು ಕೋಟಿ ಡಾಲರಿಗೂ ಮಿಕ್ಕಿ ಬೆಲೆಬಾಳುವ ಕ್ಲಬ್ಬಿಗೆ ಚಿಲ್ಲರೆ ಕಾಸಿನ ಮಹತ್ವ ನಮಗಿಂತ ಚೆನ್ನಾಗಿ ಗೊತ್ತು.

ನಿಜವಾದ ಯಂತ್ರವೇ ಇರಬೇಕಿತ್ತು ಎನ್ನುವವರಿಗೆ ಸೇಂಟ್ ಲೂಯಿಸ್ ಇದೆ. 1985ರ ಅಕ್ಟೋಬರ್ 13ರಂದು ಬುಷ್ ಸ್ಟೇಡಿಯಂನಲ್ಲಿ ಮೋಟಾರಿನ ಟಾರ್ಪಾಲು ಆಮೆಯಂತೆ ಉರುಳಿಕೊಂಡು ಬಂದು ಅಲ್ಲಿನ ತಂಡದ ಆಟಗಾರ ವಿನ್ಸ್ ಕೋಲ್ಮನ್‌ನ ಕಾಲ ಮೇಲೆ ಹತ್ತಿತು. ಆ ವರ್ಷ 110 ಬೇಸ್ ಕದ್ದು, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ, ಓಡಿದ್ದ ಚಿರತೆಯಂಥವನು! ಉಳಿದ ಪಂದ್ಯಗಳಿಗೆ ಅವನಿಲ್ಲ. ತಂಡ ಪ್ರಶಸ್ತಿಯ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸಿನ ಏಳನೇ ಪಂದ್ಯದಲ್ಲಿ ಸೋತಿತು. ಟಾರ್ಪಾಲಿಗೆ ಮಾತ್ರ ಯಾವ ದೋಷವೂ ಇರಲಿಲ್ಲ, ಕೊಟ್ಟ ಕೆಲಸ ಮಾಡುತ್ತಿತ್ತು.

ಇತ್ತ ರಿಗ್ಲಿಯಲ್ಲಿ ಎರಡು ದಿನ ಬಿಟ್ಟು ಅದೇ ಪಂದ್ಯ ಮುಂದುವರಿದು, ಕಬ್ಸ್ 2-1ರಿಂದ ಮತ್ತೊಮ್ಮೆ ಗೆದ್ದಿತು. ಇಂಥ ರಗಳೆಗೆ 2020ರಲ್ಲಿ ಲೀಗು ಶಾಶ್ವತ ಪರಿಹಾರವನ್ನೂ ಕಂಡುಕೊಂಡಿತು: ಇನ್ನು ಮುಂದೆ ಯಾವ ತಂಡವೂ ತಕರಾರು ಹಾಕುವಂತಿಲ್ಲ.